ತೊಂಬತ್ತನಾಲ್ಕನೇ ಪುಟದ ಬಿಸಿನೀರಣ್ಣ

ಬೆಳಗಿನ ಐದಕ್ಕೆ ಇನ್ನೂ ಏಳೆಂಟು ನಿಮಿಷ ಇದೆ. ಸರ್ಕಾರಿ ಆಸ್ಪತ್ರೆಯ ಹಿಂಬದಿಯಲ್ಲಿ, ಆಂಬುಲೆನ್ಸ್ ತೊಳೆಯುವ ಜಾಗವನ್ನೂ ದಾಟಿದ ಮೇಲೆ ಸಿಗುವ ತಗಡಿನ ಛಾವಣಿಯ ಕೋಣೆಗೆ ಅವರು ತಲೆ ಬಗ್ಗಿಸಿಕೊಂಡು ಬರುತ್ತಾರೆ. ಬಾಗಿಲೇನೂ ಗಿಡ್ಡವಲ್ಲ. ಅವರು ಕೆಲಸಕ್ಕೆ ಸೇರಿದಾಗ ಅಲ್ಲಿ ಅಡ್ಡಕ್ಕೆ ಒಂದು ಕೊಳವೆ ಇತ್ತಂತೆ. ಅದನ್ನು ಕಿತ್ತುಹಾಕಿ ಇಪ್ಪತ್ತು ವರ್ಷವಾಯಿತು, ತಲೆ ಮಾತ್ರ ಇವತ್ತಿಗೂ ಬಗ್ಗುತ್ತದೆ.

ಕೋಟನ್ನು ಮೊಳೆಗೆ ಸಿಕ್ಕಿಸಿ ನೇರವಾಗಿ ಹೋಗಿ ಬಾಯ್ಲರಿನ ಮೈಮೇಲೆ ಅಂಗೈ ಇಡುತ್ತಾರೆ, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ. ರಾತ್ರಿ ಪಾಳಿಯವರು ‘ಏನೂ ತರಲೆ ಮಾಡಿಲ್ಲ ಅಣ್ಣಾ’ ಎಂದು ಆಕಳಿಸುತ್ತಾ ಹೊರಡುತ್ತಾರೆ. ಆಮೇಲೆ ಇವರು ಕನ್ನಡಕವನ್ನು ಅಂಗಿಯ ತುದಿಯಲ್ಲಿ ಒರೆಸಿಕೊಂಡು ಗೇಜಿನ ಮುಂದೆ ನಿಲ್ಲುತ್ತಾರೆ. ಒತ್ತಡ ತೋರಿಸುವ ಮುಳ್ಳು ಎಲ್ಲಿದೆ ಎಂದು ಒಮ್ಮೆ ನೋಡುತ್ತಾರೆ. ನಂಬಿಕೆ ಸಾಲದವರಂತೆ ಇನ್ನೊಮ್ಮೆ ನೋಡುತ್ತಾರೆ. ಮುಳ್ಳು ಆರೂಮುಕ್ಕಾಲರಲ್ಲಿದೆ. ಮೇಜಿನ ಮೇಲಿನ ಲಾಗ್ ಪುಸ್ತಕ ತೆರೆದು ಐದು ಗಂಟೆಯ ಸಾಲಿನಲ್ಲಿ ಅಷ್ಟನ್ನೇ ಬರೆದು ಪೆನ್ನಿನ ಮುಚ್ಚಳ ಹಾಕುತ್ತಾರೆ. ಅದರ ಕೆಳಗಿನ ಸಾಲುಗಳೆಲ್ಲ ಖಾಲಿ ಇವೆ.

ಇದರಲ್ಲೇನು ದೊಡ್ಡಸ್ತಿಕೆ, ಸಂಬಳ ತಗೊಳ್ಳುವ ಮನುಷ್ಯ ನೋಡಿ ಬರೆಯದೆ ಇನ್ನೇನು ಮಾಡುತ್ತಾನೆ ಎಂದು ನೀವು ಕೇಳಬಹುದು. ಕೇಳಬೇಕಾದದ್ದೇ. ಈ ಖಾಲಿ ಸಾಲುಗಳನ್ನು ಖಾಲಿ ಬಿಡುವುದನ್ನು ಕಲಿಯಲು ಅವರಿಗೆ ಇಪ್ಪತ್ತೊಂಬತ್ತು ವರ್ಷ ಹಿಡಿಯಿತು. ಕಲಿತದ್ದರಿಂದ ಸರ್ಕಾರದ ಒಂದು ದೊಡ್ಡ ಯೋಜನೆಯಲ್ಲಿ ಒಂದು ಪುಟ ಬದಲಾಯಿತು. ಮೂರನೇ ಮಹಡಿಯ ಕೂಸುಗಳು ಬೆಚ್ಚಗೆ ಉಳಿದವು.

ಅವರಿಗೀಗ ಐವತ್ತೊಂಬತ್ತು. ಹಾಜರಿ ಪಟ್ಟಿಯಲ್ಲಿ ಹೆಸರೊಂದಿದೆ, ಆದರೆ ಅದನ್ನು ಕೂಗಿ ಕರೆದರೆ ಅವರೇ ತಿರುಗಿ ನೋಡುವುದಿಲ್ಲ. ನರ್ಸ್‌ಗಳಿಗೆ, ಆಯಾಗಳಿಗೆ, ಲಾಂಡ್ರಿಯವರಿಗೆ, ಕೊನೆಗೆ ದೊಡ್ಡ ಡಾಕ್ಟರಿಗೂ ಅವರು ಬಿಸಿನೀರಣ್ಣ. ಒಳಗಿನ ಫೋನ್ ನಂಬರುಗಳ ಚೀಟಿಯಲ್ಲೂ ‘ಬಾಯ್ಲರ್ ಕೋಣೆ’ ಎಂಬುದನ್ನು ಯಾರೋ ಹೊಡೆದು ಹಾಕಿ ‘ಬಿಸಿನೀರಣ್ಣ – ೧೭’ ಎಂದು ತಿದ್ದಿದ್ದಾರೆ.

ಮುನ್ನೂರು ಹಾಸಿಗೆಯ ಆಸ್ಪತ್ರೆ ಇದು. ಬೆಳಗಾದರೆ ಅಡುಗೆಮನೆಗೆ ಹಬೆ ಬೇಕು, ಲಾಂಡ್ರಿಗೆ ಬೇಕು, ಆಪರೇಷನ್ ಕತ್ತರಿ ಚಿಮಟಗಳನ್ನು ಶುದ್ಧ ಮಾಡುವ ಕೋಣೆಗೆ ಬೇಕು. ವಾರ್ಡುಗಳನ್ನು ಬೆಚ್ಚಗಿಡುವ ಕೊಳವೆಗಳಿಗೂ ಬೇಕು. ಅಷ್ಟಕ್ಕೂ ಇರುವುದು ಒಂದೇ ಬಾಯ್ಲರ್. ದಿನಕ್ಕೆ ನಾನೂರಿಪ್ಪತ್ತು ಲೀಟರ್ ಎಣ್ಣೆ ಕುಡಿಯುತ್ತದೆ. ಚಿಮಣಿಯಿಂದ ದಿನಕ್ಕೆ ಒಂದು ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಆಕಾಶ ಸೇರುತ್ತದೆ. ಈ ಎರಡನೆಯ ಲೆಕ್ಕ ಬಿಸಿನೀರಣ್ಣನಿಗೆ ಗೊತ್ತಾದದ್ದು ಎರಡು ವರ್ಷದ ಹಿಂದೆ.

‘ಹೊಗೆ ಬರತ್ತೆ ಅಂತ ಗೊತ್ತಿತ್ತು. ಅದನ್ನ ತೂಕ ಹಾಕ್ತಾರೆ ಅಂತ ಗೊತ್ತಿರ್ಲಿಲ್ಲ’ ಎಂದು ನಗುತ್ತಾರೆ. ‘ಒಂದು ಟನ್ ಅಂದ್ರೆ ಎಷ್ಟಾಯ್ತು ನೋಡಿ, ಇಪ್ಪತ್ತು ಮೂಟೆ. ದಿನಾ ಇಪ್ಪತ್ತು ಮೂಟೆ ಮೇಲಕ್ಕೆ ಎಸೀತಿದ್ದೆ ನಾನು, ಒಂದೂ ಕಣ್ಣಿಗೆ ಬೀಳ್ತಿರ್ಲಿಲ್ಲ.’

ತೂಕ ಹಾಕಲು ಬಂದವರು ನಗರದ ಯೋಜನಾ ಕಚೇರಿಯ ಅಧಿಕಾರಿ. ಮೂವತ್ತು ದಾಟಿರದ ಹೆಣ್ಣುಮಗಳು, ಹೆಗಲಿಗೊಂದು ಚೀಲ, ಕಾಲಿಗೆ ನಡೆದೂ ನಡೆದೂ ಸವೆದ ಬೂಟು. ಎರಡು ಸಾವಿರದ ಐವತ್ತರ ಹೊತ್ತಿಗೆ ಇಂಗಾಲದ ಹೊರಸೂಸುವಿಕೆಯನ್ನು ನಿವ್ವಳ ಶೂನ್ಯಕ್ಕೆ ತರಬೇಕೆಂದು ಸರ್ಕಾರ ತೀರ್ಮಾನಿಸಿದೆ. ಅಂದರೆ ಗಾಳಿಗೆ ಬಿಟ್ಟಷ್ಟನ್ನೂ ಗಾಳಿಯಿಂದ ವಾಪಸು ತೆಗೆಯಬೇಕು, ಉಳಿಕೆ ಸೊನ್ನೆಯಾಗಬೇಕು. ಅದಕ್ಕಾಗಿ ನಗರದ ಇನ್ನೂರ ಹದಿನಾಲ್ಕು ಸರ್ಕಾರಿ ಕಟ್ಟಡಗಳ ಪಟ್ಟಿಯೊಂದನ್ನು ಹಿಡಿದು ಈಕೆ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ಆಸ್ಪತ್ರೆಯ ಆಯಾಗಳು ಎರಡೇ ದಿನದಲ್ಲಿ ಆಕೆಗೆ ಸೊನ್ನೆ ಮೇಡಂ ಎಂದು ಹೆಸರಿಟ್ಟರು. ಆಕೆಗೆ ಅದು ಗೊತ್ತಾಗಿ, ಸಿಟ್ಟಾಗುವ ಬದಲು, ಫೋನಿನಲ್ಲಿ ‘ನಾನು ಸೊನ್ನೆ ಮಾತಾಡ್ತಿರೋದು’ ಎನ್ನಲು ಶುರುಮಾಡಿದರು.

ಸೊನ್ನೆ ಮೇಡಂ ಬಾಯ್ಲರ್ ಕೋಣೆಗೆ ಬಂದು ಕೇಳಿದ್ದು ಲಾಗ್ ಪುಸ್ತಕಗಳನ್ನು. ಅರ್ಧ ಗಂಟೆಗೊಮ್ಮೆ ಒತ್ತಡ ಎಷ್ಟಿತ್ತು, ನೀರಿನ ಬಿಸಿ ಎಷ್ಟಿತ್ತು ಎಂದು ಬರೆದಿಡುವ ದಪ್ಪ ಪುಸ್ತಕಗಳು. ಬಿಸಿನೀರಣ್ಣ ಕಪಾಟಿನ ಬೀಗ ತೆಗೆದು ಹತ್ತು ವರ್ಷದ ಪುಸ್ತಕಗಳನ್ನು ಧೂಳು ಕೊಡವಿ ಕೊಟ್ಟರು. ಒಂದು ಗೀಚಿಲ್ಲ, ಒಂದು ಕಾಟಿಲ್ಲ. ಮುತ್ತು ಪೋಣಿಸಿದಂಥ ಅಕ್ಷರ. ಆಕೆ ಪುಟ ತಿರುವಿ ತಿರುವಿ ಕಣ್ಣರಳಿಸಿದರು.

‘ಇಡೀ ಊರಲ್ಲಿ ಇಷ್ಟು ಚೊಕ್ಕಟವಾದ ದಾಖಲೆ ನಾನು ನೋಡಿಲ್ಲ ಅಣ್ಣಾ. ನಮ್ಮ ಯೋಜನೆ ನಿಮ್ಮ ಪುಸ್ತಕದ ಮೇಲೆ ನಿಲ್ಲತ್ತೆ’ ಎಂದರಂತೆ.

ಬಿಸಿನೀರಣ್ಣನಿಗೆ ಆವತ್ತು ಖುಷಿಯಾಗಬೇಕಿತ್ತು. ಆಗಲಿಲ್ಲ. ಯಾಕೆಂದರೆ ಆ ಪುಸ್ತಕಗಳ ಗುಟ್ಟು ಬಾಯ್ಲರ್ ಕೋಣೆಯ ಮೂರು ಪಾಳಿಯವರಿಗೆ, ಅವರ ಮನೆಯವರಿಗೆ ಬಿಟ್ಟು ಬೇರೆ ಯಾರಿಗೂ ತಿಳಿದಿರಲಿಲ್ಲ. ಒತ್ತಡದ ಕಾಲಂನಲ್ಲಿ, ವರ್ಷದ ಮುನ್ನೂರ ಅರವತ್ತೈದು ದಿನವೂ, ಎಲ್ಲ ಸಾಲಿನಲ್ಲೂ, ಇದ್ದದ್ದು ಮುಳ್ಳು ನೋಡದೆ ಬರೆದ ಒಂದೇ ಅಂಕಿ. ಏಳು.

ಹೀಗೆ ಬರೆಯುವುದನ್ನು ಅವರು ಕಲಿತದ್ದು ತಮಗಿಂತ ಮೊದಲಿದ್ದ ಹಿರಿಯ ಆಪರೇಟರಿಂದ. ಕೆಲಸಕ್ಕೆ ಸೇರಿದ ಮೊದಲ ದಿನವೇ ಆ ಹಿರಿಯರು ಪುಸ್ತಕ ಎಳೆದುಕೊಂಡು, ಬೆಳಗಿನ ಐದರಿಂದ ಮಧ್ಯಾಹ್ನ ಒಂದರವರೆಗಿನ ಹದಿನೇಳೂ ಸಾಲಿಗೆ ಒಂದೇ ಉಸಿರಿಗೆ ಏಳು, ಏಳು, ಏಳು ಎಂದು ಇಳಿಸಿ, ‘ಮುಗೀತು ನೋಡು ಪುಸ್ತಕದ ಕೆಲಸ. ಇನ್ನು ಕೈ ಖಾಲಿ, ಬಾಯ್ಲರ್ ನೋಡ್ಕೋ’ ಎಂದಿದ್ದರು. ಮೈಗಳ್ಳತನಕ್ಕೆ ಮಾಡಿದ ಏರ್ಪಾಡಲ್ಲ ಅದು. ಉರಿಯ ಮುಂದೆ ನಿಂತವನ ಕೈಯಲ್ಲಿ ಪೆನ್ನು ಇರಬಾರದು ಎಂಬುದು ಅವರ ಲೆಕ್ಕಾಚಾರ. ವರ್ಷಕ್ಕೊಮ್ಮೆ ಬಂದು ಸಹಿ ಹಾಕುವ ತಪಾಸಣೆಯವರಿಗೂ ಏಳು ಎಂದಿದ್ದರೆ ಸಮಾಧಾನ. ಎಲ್ಲರಿಗೂ ಹಿತವಾದ ಸುಳ್ಳು ಇಪ್ಪತ್ತೊಂಬತ್ತು ವರ್ಷ ಯಾರ ಕಾಲಿಗೂ ತೊಡರದೆ ಬಿದ್ದುಕೊಂಡಿತ್ತು.

ನಿಜವಾದ ಒತ್ತಡ ಯಾವತ್ತೂ ಏಳರಲ್ಲೇ ನಿಲ್ಲುತ್ತಿರಲಿಲ್ಲ. ಬೆಳಗಿನ ಆರೂವರೆಗೆ ಅಡುಗೆಮನೆಯ ದೊಡ್ಡ ಹಂಡೆಗಳು, ಲಾಂಡ್ರಿಯ ಮೂರು ಯಂತ್ರಗಳು, ಕತ್ತರಿ ಚಿಮಟದ ಕೋಣೆ, ಎಲ್ಲವೂ ಒಟ್ಟಿಗೆ ಬಾಯಿ ತೆರೆಯುತ್ತವೆ. ಮುಳ್ಳು ಆರಕ್ಕೆ ಇಳಿಯುತ್ತದೆ, ಐದಕ್ಕೆ, ನಾಲ್ಕಕ್ಕೆ. ಚಳಿಗಾಲದ ಸೋಮವಾರವಾದರೆ, ಎರಡು ದಿನದ ಬಟ್ಟೆ ಒಟ್ಟಿಗೆ ಬಂದಿರುತ್ತದೆ, ಮೂರಕ್ಕೂ ಬರುತ್ತದೆ. ಆಗ ಬಿಸಿನೀರಣ್ಣನ ಅಸಲಿ ಕೆಲಸ ಶುರು. ಲಾಂಡ್ರಿಗೆ ಫೋನು: ‘ತಂಗೀ, ಎರಡನೇ ಮಷಿನ್ ಇಪ್ಪತ್ತು ನಿಮಿಷ ತಡಿಯಮ್ಮ.’ ಅಡುಗೆಮನೆಗೆ ಫೋನು: ‘ಒಂದು ಹಂಡೆ ಆಮೇಲಿಟ್ಕೊಳ್ಳಪ್ಪ ಪುಣ್ಯಾತ್ಮ.’ ಫೋನಿನಲ್ಲಿ ಮಾತು ಕೇಳದವರ ವಾಲ್ವನ್ನು ಹೋಗಿ ಅರ್ಧ ತಿರುಗಿಸಿ ಬರುವುದು. ಮುಳ್ಳು ಮೆಲ್ಲಗೆ ಮೇಲೇರುವವರೆಗೂ ಹೀಗೇ ಓಡಾಟ. ಇಷ್ಟೆಲ್ಲ ನಡೆಯುವ ಹೊತ್ತಿಗೆ ಮೇಜಿನ ಮೇಲಿನ ಪುಸ್ತಕ ಏಳು ಎಂದು ಹೇಳುತ್ತಾ ತೆಪ್ಪಗೆ ಕೂತಿರುತ್ತಿತ್ತು.

ನಾಲ್ಕು ತಿಂಗಳ ಮೇಲೆ ಸೊನ್ನೆ ಮೇಡಂ ಮತ್ತೆ ಬಂದರು. ಕೈಯಲ್ಲಿ ಯೋಜನೆಯ ಕರಡು, ನೂರೆಂಬತ್ತು ಪುಟದ ಪುಸ್ತಕ. ಬಾಯ್ಲರ್ ಇದ್ದದ್ದು ತೊಂಬತ್ತನಾಲ್ಕನೇ ಪುಟದಲ್ಲಿ. ಮೊದಲು ಬದಲಾಗಬೇಕಾದ ಹತ್ತು ಕಟ್ಟಡಗಳಲ್ಲಿ ಈ ಆಸ್ಪತ್ರೆ ಮೂರನೆಯದು. ಎಣ್ಣೆಯ ಬಾಯ್ಲರ್ ತೆಗೆದು ಹೀಟ್ ಪಂಪ್ ಇಡುವುದು. ಅದು ಹೊರಗಿನ ಗಾಳಿಯಲ್ಲಿರುವ ಬಿಸಿಯನ್ನು ಹೀರಿ ನೀರಿಗೆ ಕೊಡುವ ವಿದ್ಯುತ್ ಯಂತ್ರ. ಫ್ರಿಜ್ಜನ್ನು ಹಿಂದುಮುಂದು ಮಾಡಿದಂತೆ ಎಂದು ಮೇಡಂ ವಿವರಿಸಿದ್ದು ಅವರಿಗೆ ತಕ್ಷಣ ಹಿಡಿಸಿತು. ಹೊಗೆ ಇಲ್ಲ, ಚಿಮಣಿ ಇಲ್ಲ. ಅಲ್ಲಿಯವರೆಗೂ ಎಲ್ಲ ಚೆನ್ನಾಗಿತ್ತು. ಆಮೇಲೆ ಕಣ್ಣು ಅದರ ಕೆಳಗಿನ ಪುಟ್ಟ ಸಾಲಿಗೆ ಹೋಯಿತು. ‘ಹೊರೆ: ಸ್ಥಿರ.’

‘ಹಾಗಂದ್ರೇನು ಮೇಡಂ?’

‘ನಿಮ್ಮಲ್ಲಿ ಯಾವಾಗ್ಲೂ ಒಂದೇ ಸಮ ಹಬೆ ಖರ್ಚಾಗತ್ತೆ ಅಂತ ಅಣ್ಣಾ. ಏರಿಳಿತ ಇಲ್ಲ. ಅದಕ್ಕೇ ಚಿಕ್ಕ ಯಂತ್ರ ಸಾಕು. ಉಳಿದ ಹಣದಲ್ಲಿ ಇನ್ನೂ ಎರಡು ಕಟ್ಟಡ ಮಾಡಬಹುದು. ಎಲ್ಲಾ ನಿಮ್ಮ ಪುಸ್ತಕದ ಪುಣ್ಯ.’

ಆಕೆ ನಕ್ಷೆ ಬಿಡಿಸಿದರು. ಯಂತ್ರದಿಂದ ಹೊರಟ ಕೊಳವೆ ಅಡುಗೆಮನೆ ಮುಟ್ಟಿ, ಲಾಂಡ್ರಿ ಮುಟ್ಟಿ, ಒಂದೊಂದೇ ವಾರ್ಡು ಹಾದು ಮೂರನೇ ಮಹಡಿಯ ತುದಿಗೆ ಹೋಗಿ ನಿಲ್ಲುತ್ತಿತ್ತು. ಆ ತುದಿಯಲ್ಲಿರುವುದು ಹಸುಗೂಸುಗಳ ವಾರ್ಡು. ಒತ್ತಡ ಬಿದ್ದಾಗ ಮೊದಲು ತಣ್ಣಗಾಗುವುದು ಸಾಲಿನ ಕೊನೆಯಲ್ಲಿರುವವರು. ಇಪ್ಪತ್ತೊಂಬತ್ತು ವರ್ಷ ಬೆಳಗಿನ ಆರೂವರೆಗೆ ಬಿಸಿನೀರಣ್ಣ ಫೋನು ಹಿಡಿದು ಕಾಡಿ ಬೇಡಿ ತಡೆಯುತ್ತಿದ್ದದ್ದು ಅದೊಂದನ್ನೇ. ಹೊಸ ಯಂತ್ರ ಚಿಕ್ಕದಾದರೆ ಫೋನು ಮಾಡಿ ಪ್ರಯೋಜನವಿಲ್ಲ, ತಿರುಗಿಸಲು ವಾಲ್ವೂ ಇರುವುದಿಲ್ಲ.

ಆ ವಾರ್ಡು ಅವರಿಗೆ ಬರೀ ನಕ್ಷೆಯ ತುದಿಯಲ್ಲ. ಇಪ್ಪತ್ತಾರು ವರ್ಷದ ಹಿಂದೆ ಅವರ ಮಗಳು ಹುಟ್ಟಿದ್ದು ಅಲ್ಲೇ, ದಿನ ತುಂಬುವ ಐದು ವಾರ ಮೊದಲು, ಮೈ ಕೊರೆಯುವ ಒಂದು ಸೋಮವಾರ. ಪಾಳಿ ಬಿಟ್ಟು ಹೋಗುವ ಹಾಗಿರಲಿಲ್ಲ. ಹೆಂಡತಿ ಮೇಲೆ, ಇವರು ಕೆಳಗೆ. ಆರೂ ನಲವತ್ತಕ್ಕೆ ವಾರ್ಡಿನ ಸಿಸ್ಟರ್ ಮೆಟ್ಟಿಲಿಳಿದು ಓಡಿಬಂದು, ‘ಕೊಳವೆ ತಣ್ಣಗಾಗ್ತಿದೆ, ಕೂಸು ನೀಲಿ ತಿರುಗ್ತಿದೆ, ಬಿಸಿನೀರಿನ ಚೀಲಕ್ಕಾದ್ರೂ ನೀರು ಕೊಡಪ್ಪಾ’ ಎಂದರು. ಕೂಸು ಯಾರದೆಂದು ಆಕೆಗೂ ಗೊತ್ತಿರಲಿಲ್ಲ, ಇವರಿಗೂ ಗೊತ್ತಿರಲಿಲ್ಲ. ಇವರು ಲಾಂಡ್ರಿಯ ವಾಲ್ವನ್ನು ಪೂರ್ತಿ ಮುಚ್ಚಿ, ಅಲ್ಲಿಂದ ಬಂದ ಬೈಗುಳಕ್ಕೆಲ್ಲ ಬೆನ್ನು ಕೊಟ್ಟು, ಎರಡು ಬಕೆಟ್ ಕುದಿನೀರು ಹೊತ್ತು ಮೂರು ಮಹಡಿ ಹತ್ತಿದರು. ಬಾಗಿಲಲ್ಲಿ ಹೆಂಡತಿಯ ದನಿ ಕೇಳಿ ಒಮ್ಮೆಲೇ ತಿರುಗಿದಾಗ ಒಂದಿಷ್ಟು ನೀರು ಪಾದದ ಮೇಲೆ ಚೆಲ್ಲಿತು. ಆ ಕಲೆ ಇವತ್ತಿಗೂ ಇದೆ, ಕೇಳಿದರೆ ಕಾಲ್ಚೀಲ ಜಾರಿಸಿ ತೋರಿಸುತ್ತಾರೆ.

‘ಆವತ್ತಿನ ಪುಟ ತೆಗೆದು ನೋಡಿದ್ರೆ ಆರೂವರೆಗೆ ಏಳು ಅಂತಿದೆ’ ಎನ್ನುವಾಗ ಅವರ ನಗು ಮಾಯವಾಗುತ್ತದೆ. ‘ಮುಳ್ಳು ಮೂರರಲ್ಲಿತ್ತು. ನನ್ನ ಮಗಳು ಉಸಿರಿಗೆ ಒದ್ದಾಡ್ತಿದ್ಲು. ಪುಸ್ತಕ ಏಳು ಅಂತಿತ್ತು.’

ನಕ್ಷೆ ನೋಡಿದ ದಿನ ಅವರು ಸೊನ್ನೆ ಮೇಡಂಗೆ ಏನೂ ಹೇಳಲಿಲ್ಲ. ಹೂಂಗುಟ್ಟಿ ಕಳಿಸಿದರು. ಆಕೆ ಹೋಗುವಾಗ, ಇವರಿಗೊಂದು ಪ್ರಶಸ್ತಿ ಪತ್ರ ಕೊಡಿಸುವ ಮಾತನ್ನೂ ಆಡಿದರು. ಅದಾದ ಮೇಲೆ ಮೂರು ದಿನ ಬಿಸಿನೀರಣ್ಣ ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದರು. ಅವರ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿರುವ ದರ್ಜಿ. ಬಟ್ಟೆಯ ಮೇಲೆ ಕಣ್ಣಿಟ್ಟುಕೊಂಡೇ ಮನೆಯ ಎಲ್ಲರ ಮುಖ ಓದಬಲ್ಲ ಹೆಂಗಸು.

‘ರೀ, ಆ ಮೇಡಂ ಏನಂದ್ರು?’

‘ಚೆನ್ನಾಗಿ ಬರೆದಿದೀರಿ ಅಂದ್ರು.’

‘ಹೊಗಳಿದ್ದಕ್ಕೆ ಯಾರಾದ್ರೂ ಊಟ ಬಿಡ್ತಾರಾ?’

ಎಲ್ಲ ಹೊರಗೆ ಬಂತು. ಏಳರ ಗುಟ್ಟು ಹೆಂಡತಿಗೆ ಹಳೆಯದೇ, ತಿಂಗಳಿಗೊಮ್ಮೆ ಅದನ್ನು ಹಿಡಿದು ಚುಡಾಯಿಸುತ್ತಿದ್ದವರೇ ಅವರು. ಆದರೆ ಆವತ್ತು ಚುಡಾಯಿಸಲಿಲ್ಲ. ನಿವೃತ್ತಿಗೆ ಮೂರು ವರ್ಷವೂ ಇಲ್ಲ. ಸುಳ್ಳು ದಾಖಲೆ ಎಂದು ಒಪ್ಪಿಕೊಂಡರೆ ಕೆಲಸಕ್ಕೆ ಸಂಚಕಾರ, ಪಿಂಚಣಿಗೂ ಕಲ್ಲು ಬೀಳಬಹುದು. ಉಳಿದೆರಡು ಪಾಳಿಯವರ ಹೊಟ್ಟೆಯ ಪ್ರಶ್ನೆಯೂ ಇದೆ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹೊಸ ಯಂತ್ರ ಸಾಲದೆ ಹೋದರೆ ಎಲ್ಲರೂ ಯಂತ್ರವನ್ನು ಬೈಯುತ್ತಾರೆ, ಸೊನ್ನೆ ಮೇಡಂ ಮತ್ತು ಅವರ ಯೋಜನೆಯನ್ನು ಬೈಯುತ್ತಾರೆ. ‘ಹಳೇ ಬಾಯ್ಲರೇ ಚೆನ್ನಾಗಿತ್ತು’ ಎಂದು ಮತ್ತೆ ಎಣ್ಣೆಗೆ ಹೋಗುತ್ತಾರೆ. ಹೆಂಡತಿ ಸೂಜಿಗೆ ದಾರ ಪೋಣಿಸಿ ತುದಿಗೆ ಗಂಟು ಹಾಕಿದರು.

‘ಅಳತೆ ತಪ್ಪು ಕೊಟ್ಟು ಅಂಗಿ ಹೊಲಿಸ್ಕೊಂಡ್ರೆ ದರ್ಜಿ ಏನ್ ಮಾಡ್ತಾಳೆ ಹೇಳಿ’ ಎಂದರು. ‘ಬಟ್ಟೆ ಕತ್ತರಿಸೋಕೆ ಮುಂಚೆ ಹೋಗಿ ಹೇಳ್ಬಿಡಿ. ಆಮೇಲಿನದ್ದು ಇಬ್ರೂ ನೋಡ್ಕೊಳ್ಳೋಣ.’

ಮಾರನೆಯ ದಿನ ಪಾಳಿ ಮುಗಿಸಿ, ಬಗಲಲ್ಲೊಂದು ಲಾಗ್ ಪುಸ್ತಕ ಇಟ್ಟುಕೊಂಡು, ಯೋಜನಾ ಕಚೇರಿಯ ಆರನೇ ಮಹಡಿಗೆ ಹೋದರು. ಲಿಫ್ಟು ಕೆಟ್ಟಿತ್ತು. ಮೇಡಂ ಮೀಟಿಂಗಿನಲ್ಲಿದ್ದರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಎರಡು ಗಂಟೆ ಕೂತರು. ಮೂರು ಸಲ ಎದ್ದು ಬಾಗಿಲವರೆಗೂ ಹೋಗಿ ಮೂರು ಸಲ ವಾಪಸು ಬಂದು ಕೂತೆ ಎಂದು ಅವರೇ ಹೇಳುತ್ತಾರೆ.

‘ಮೇಡಂ, ಪುಸ್ತಕದಲ್ಲಿರೋದು ಸುಳ್ಳು’ ಎಂದಾಗ ಆಕೆ ನಂಬಲಿಲ್ಲ. ಅಲ್ಲೊಂದು ಇಲ್ಲೊಂದು ತಪ್ಪಿರುತ್ತದೆ ಬಿಡಿ ಎಂದು ಸಮಾಧಾನ ಮಾಡಹೋದರು. ಬಿಸಿನೀರಣ್ಣ ಪುಸ್ತಕ ತೆರೆದು ಒಂದು ಪುಟ ಮುಂದಿಟ್ಟರು. ಹಿಂದಿನ ವರ್ಷದ ಒಂದು ಭಾನುವಾರ, ಬೆಳಗಿನ ಪಾಳಿ. ಹದಿನೇಳು ಸಾಲು, ಹದಿನೇಳು ಏಳು, ಕೆಳಗೆ ಅವರದೇ ಸಹಿ.

‘ಇದು ವಾರ್ಷಿಕ ಕ್ಲೀನಿಂಗ್ ದಿನ ಮೇಡಂ. ಬಾಯ್ಲರ್ ಆರಿಸಿ ಎರಡು ದಿನ ಆಗಿತ್ತು, ಐಸ್ ತರ ತಣ್ಣಗಿತ್ತು. ಬೆಳಿಗ್ಗೆ ಬಂದು ಅಭ್ಯಾಸದ ಮೇಲೆ ಹದಿನೇಳು ಸಲ ಏಳು ಬರ್ದೆ. ಬರ್ದು, ಬ್ರಷ್ ತಗೊಂಡು ಅದರ ಹೊಟ್ಟೆಯೊಳಗೆ ಇಳಿದೆ. ಮಧ್ಯಾಹ್ನದವರೆಗೂ ಒಳಗೆ ಕೂತು ನೀರಿಂದ ಕಟ್ಟಿದ ಸುಣ್ಣ ಕೆರೀತಿದ್ದೆ. ಏಳು ಇದ್ದಿದ್ರೆ ನಾನು ಬೆಂದು ಹೋಗ್ತಿದ್ದೆ.’

ಸೊನ್ನೆ ಮೇಡಂ ಆ ಪುಟದ ಸಾಲುಗಳನ್ನು ಬೆರಳಿಟ್ಟು ಒಂದೊಂದಾಗಿ ಎಣಿಸಿದರು. ಇದೇ ಪುಸ್ತಕದ ಗ್ರಾಫನ್ನು ಗೋಡೆಯಷ್ಟು ದೊಡ್ಡದು ಮಾಡಿ ಹಿಂದಿನ ವಾರವಷ್ಟೇ ದೊಡ್ಡವರ ಸಭೆಯಲ್ಲಿ ತೋರಿಸಿದ್ದರಂತೆ.

‘ಎಷ್ಟು ವರ್ಷದಿಂದ ಹೀಗೆ?’

‘ಎಲ್ಲಾ ವರ್ಷ. ನನ್ನ ಪಾಳೀದು ಹೇಳ್ತಿದೀನಿ. ಬೇರೆಯವರದ್ದು ಅವರನ್ನೇ ಕೇಳಿ.’

‘ನೀವಿನ್ನು ಹೊರಡಿ ಅಣ್ಣಾ’ ಎಂದಷ್ಟೇ ಆಕೆ ಹೇಳಿದ್ದು. ದನಿಯಲ್ಲಿ ಸಿಟ್ಟಿತ್ತೋ ಅಳುವಿತ್ತೋ ಇವರಿಗೆ ತಿಳಿಯಲಿಲ್ಲ. ಆರು ಮಹಡಿ ಇಳಿಯುವಾಗ ಹತ್ತಿದ್ದಕ್ಕಿಂತ ಹೆಚ್ಚು ದಣಿವಾಯಿತು. ಮನೆಗೆ ಬಂದು, ಮುಗೀತು ಕಣೇ ಎಂದು ಹೆಂಡತಿಗೆ ಹೇಳಿ ಮಲಗಿಬಿಟ್ಟರು.

ಮಾರನೆಯ ಬೆಳಿಗ್ಗೆ ಐದಕ್ಕೆ ಬಾಯ್ಲರ್ ಕೋಣೆಯ ಬಾಗಿಲಲ್ಲಿ ಯಾರೋ ನಿಂತಿದ್ದರು. ತಲೆಗೆ ಮಫ್ಲರ್, ಹೆಗಲಿಗೆ ಅದೇ ಚೀಲ. ಬೆಳಗಿನ ಮೊದಲ ಬಸ್ಸೂ ಇಲ್ಲದ ಹೊತ್ತಿನಲ್ಲಿ ನಾಲ್ಕು ಕಿಲೋಮೀಟರು ನಡೆದು ಬಂದಿದ್ದರು. ‘ಆರೂವರೆಗೆ ಏನಾಗತ್ತೆ ತೋರಿಸಿ’ ಎಂದರು ಸೊನ್ನೆ ಮೇಡಂ.

ಆರೂವರೆಗೆ ಮುಳ್ಳು ಇಳಿಯಿತು. ಆಕೆ ಅದು ಇಳಿಯುವುದನ್ನೂ ನೋಡಿದರು, ಬಿಸಿನೀರಣ್ಣ ಫೋನಿನಲ್ಲಿ ತಂಗೀ, ಪುಣ್ಯಾತ್ಮ ಎಂದು ಗೋಗರೆಯುವುದನ್ನೂ ನೋಡಿದರು. ಮೂರನೇ ಮಹಡಿಯವರೆಗೂ ಹತ್ತಿ, ಕೂಸುಗಳ ವಾರ್ಡಿನ ಕೊಳವೆಗೆ ಕೈಯಿಟ್ಟು ಅದು ತಣ್ಣಗಾಗುವುದನ್ನೂ ಮತ್ತೆ ಬಿಸಿಯಾಗುವುದನ್ನೂ ಅಂಗೈಯಲ್ಲೇ ಅಳೆದರು. ಕೆಳಗೆ ಬಂದು ಹೊಸ ಪುಸ್ತಕ ಮೇಜಿನ ಮೇಲಿಟ್ಟರು. ಇಂದಿನಿಂದ ನಲವತ್ತು ದಿನ, ಹತ್ತು ನಿಮಿಷಕ್ಕೊಮ್ಮೆ, ನೋಡಿ ಬರೆಯಬೇಕು.

ಮೊದಲ ವಾರ ಬಿಸಿನೀರಣ್ಣನಿಗೆ ಇದು ಹಗ್ಗದ ಮೇಲಿನ ನಡಿಗೆಯಾಯಿತು. ಮನಸ್ಸು ನೋಡಿ ಬರಿ ಎನ್ನುತ್ತದೆ, ಕೈ ತಾನೇ ತಾನಾಗಿ ಏಳು ಬರೆದುಬಿಡುತ್ತದೆ. ಎರಡನೇ ದಿನವೇ ಮುಂದಿನ ಐದು ಸಾಲಿಗೆ ಏಳು ಇಳಿಸಿ, ತುಟಿ ಕಚ್ಚಿಕೊಂಡು, ಅಡ್ಡಗೆರೆ ಎಳೆದು ‘ತಪ್ಪು, ನೋಡದೆ ಬರೆದದ್ದು’ ಎಂದು ಪಕ್ಕದಲ್ಲಿ ಬರೆದರು. ಆ ಪುಸ್ತಕದಲ್ಲಿ ಅಂಥ ಹನ್ನೊಂದು ತಪ್ಪೊಪ್ಪಿಗೆಗಳಿವೆ. ಹೆಂಡತಿ ಕೈಗಡಿಯಾರಕ್ಕೆ ಹತ್ತು ನಿಮಿಷಕ್ಕೊಮ್ಮೆ ಕೂಗುವ ಅಲಾರಾಂ ಇಟ್ಟು ಕಳಿಸಿದರು. ಹತ್ತನೇ ದಿನದ ಹೊತ್ತಿಗೆ ಕೈ ಪಳಗಿತು.

ಉಳಿದೆರಡು ಪಾಳಿಯವರು ಒಂದು ತಿಂಗಳು ಇವರೊಡನೆ ಮಾತು ಬಿಟ್ಟರು. ಒಬ್ಬರಂತೂ, ಬೆನ್ನಿಗೆ ಚೂರಿ ಹಾಕಿದ ಎಂದು ಕ್ಯಾಂಟೀನಿನಲ್ಲೇ ಕೂಗಾಡಿದರು. ಅವರ ಸಿಟ್ಟು ನ್ಯಾಯವಾದದ್ದೇ ಎಂದು ಬಿಸಿನೀರಣ್ಣ ಇವತ್ತಿಗೂ ಹೇಳುತ್ತಾರೆ. ಆದರೆ ಅದೇ ಹೊತ್ತಿಗೆ ಸೊನ್ನೆ ಮೇಡಂ ಪಟ್ಟಿಯಲ್ಲಿದ್ದ ಉಳಿದ ಒಂಬತ್ತು ಕಟ್ಟಡಗಳಿಗೂ ಹೇಳದೆ ಕೇಳದೆ ಬೆಳಗಿನ ಜಾವ ನುಗ್ಗತೊಡಗಿದ್ದರು. ನೀರು ಸರಬರಾಜಿನ ಪಂಪ್ ಹೌಸಿನಲ್ಲಿ ಬರಲಿರುವ ಗುರುವಾರದವರೆಗಿನ ಅಂಕಿಗಳು ಆಗಲೇ ತುಂಬಿದ್ದವು. ‘ನಾವು ಪರವಾಗಿಲ್ಲ, ದಿನದ್ದು ದಿನ ಸುಳ್ಳು ಬರೀತಿದ್ವಿ’ ಎಂದು ಬಾಯ್ಲರ್ ಕೋಣೆಯವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಆ ನಗುವಿನಲ್ಲೇ ಮೂರೂ ಪಾಳಿಯವರು ಮತ್ತೆ ಒಂದಾದರು.

ನಲವತ್ತು ದಿನದ ನಿಜ ಅಂಕಿಗಳು ಎರಡು ವಿಷಯ ಹೇಳಿದವು. ಒಂದು, ಬೆಳಗಿನ ಆರೂವರೆಯ ಹಸಿವಿಗೆ ಮೊದಲಿನ ಚಿಕ್ಕ ಯಂತ್ರ ಅರ್ಧಕ್ಕೂ ಸಾಲದು. ಇನ್ನೊಂದನ್ನು ಯಾರೂ ಎಣಿಸಿರಲಿಲ್ಲ. ಯಾವ ಯಂತ್ರವೂ ಓಡದ ಹೊತ್ತಿನಲ್ಲೂ ಹಬೆ ಖರ್ಚಾಗುತ್ತಿತ್ತು. ಬಿಸಿನೀರಣ್ಣ ತಮ್ಮ ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಂಡು, ತುದಿಯನ್ನು ಕೊಳವೆಗೂ ಹಿಡಿಯನ್ನು ಕಿವಿಗೂ ಆನಿಸಿ, ಡಾಕ್ಟರು ಎದೆ ಬಡಿತ ಕೇಳುವಂತೆ ಇಡೀ ಕಟ್ಟಡದ ಕೊಳವೆಗಳನ್ನು ಕೇಳುತ್ತಾ ಹೋದರು. ಸುಂಯ್ ಎಂದ ಕಡೆಯೆಲ್ಲ ಮೇಡಂ ಸೀಮೆಸುಣ್ಣದ ಗುರುತು ಹಾಕಿದರು. ಅರವತ್ಮೂರು ಕಡೆ ಸೋರಿಕೆ. ಉರಿಸಿದ ಎಣ್ಣೆಯಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಯಾರಿಗೂ ಬಿಸಿ ಕೊಡದೆ ಹಾಳಾಗುತ್ತಿತ್ತು.

ಯೋಜನೆಯ ತೊಂಬತ್ತನಾಲ್ಕನೇ ಪುಟವನ್ನು ಹೊಸದಾಗಿ ಬರೆದರು. ಮೊದಲು ಸೋರಿಕೆ ಮುಚ್ಚುವುದು. ಆಮೇಲೆ ಹೀಟ್ ಪಂಪಿನ ಜೊತೆಗೆ ಎರಡು ದೊಡ್ಡ ಬಿಸಿನೀರಿನ ಟ್ಯಾಂಕುಗಳು, ಎಲ್ಲರೂ ಮಲಗಿರುವಾಗ ಬಿಸಿ ತುಂಬಿಟ್ಟುಕೊಂಡು ಆರೂವರೆಗೆ ಬಿಟ್ಟುಕೊಡಲು. ಹಬೆಯೇ ಬೇಕೆನ್ನುವ ಕತ್ತರಿ ಚಿಮಟದ ಕೋಣೆಗೆ ಪ್ರತ್ಯೇಕ ಪುಟ್ಟ ಯಂತ್ರ. ಕೂಸುಗಳ ವಾರ್ಡಿಗೆ ಟ್ಯಾಂಕಿನಿಂದ ನೇರವಾಗಿ ಅದರದ್ದೇ ಕೊಳವೆ, ಸಾಲಿನ ಕೊನೆಯಲ್ಲಲ್ಲ, ಮೊದಲಿಗೆ. ಇದರಿಂದ ಕೆಲಸ ಹನ್ನೊಂದು ತಿಂಗಳು ತಡವಾಯಿತು. ಆ ವರ್ಷ ನಗರ ಹೇಳಿಕೊಳ್ಳಬೇಕಿದ್ದ ಇಂಗಾಲದ ಇಳಿಕೆಯ ಅಂಕಿ ಕುಗ್ಗಿತು. ಸೊನ್ನೆ ಮೇಡಂ ಅದಕ್ಕೆ ದೊಡ್ಡವರ ಸಭೆಯಲ್ಲಿ ಸಾಕಷ್ಟು ಬೈಸಿಕೊಂಡರು ಎಂದು ಬಿಸಿನೀರಣ್ಣನಿಗೆ ಬೇರೆಯವರಿಂದ ತಿಳಿಯಿತು. ಆಕೆ ಮಾತ್ರ ಈವರೆಗೂ ಆ ಸುದ್ದಿ ಎತ್ತಿಲ್ಲ.

ಬಿಸಿನೀರಣ್ಣನಿಗೆ ಸಿಕ್ಕಿದ್ದು ಪ್ರಶಸ್ತಿ ಪತ್ರವಲ್ಲ, ಎಚ್ಚರಿಕೆ ಪತ್ರ. ದಾಖಲೆ ತಪ್ಪಾಗಿ ಬರೆದದ್ದಕ್ಕೆ ವಿವರಣೆ ಕೇಳಿ ನೋಟಿಸು ಬಂತು. ‘ನಾನು ಬರೆದದ್ದು ನಿಜ. ಅದು ಸುಳ್ಳಾಗಿತ್ತು ಎಂಬುದೂ ನಿಜ. ಈಗ ನೋಡಿ ಬರೆಯುತ್ತಿದ್ದೇನೆ’ ಎಂದು ಮೂರು ಸಾಲಿನ ಉತ್ತರ ಕೊಟ್ಟರು. ಸೊನ್ನೆ ಮೇಡಂ ಅದರ ಜೊತೆ ತಮ್ಮದೂ ಎರಡು ಪುಟ ಲಗತ್ತಿಸಿದರಂತೆ. ಪಿಂಚಣಿಗೆ ಕಲ್ಲು ಬೀಳಲಿಲ್ಲ. ಎಚ್ಚರಿಕೆ ಪತ್ರವನ್ನು ಅವರು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ, ಮಗಳ ಹುಟ್ಟಿದ ಚೀಟಿಯ ಜೊತೆಗೇ ಇಟ್ಟಿದ್ದಾರೆ. ಅದನ್ನು ತೋರಿಸುವಾಗ ಅವರ ಮುಖದಲ್ಲಿ ನಾಚಿಕೆಯೂ ಇರುತ್ತದೆ, ಸಮಾಧಾನವೂ ಇರುತ್ತದೆ.

ಇವತ್ತಿನ ಬೆಳಿಗ್ಗೆಗೆ ಬರೋಣ. ಹಳೆಯ ಬಾಯ್ಲರಿನ ಪಕ್ಕದ ಅಂಗಳದಲ್ಲಿ ಹೊಸ ಟ್ಯಾಂಕುಗಳೆರಡೂ ಬಂದು ಕೂತಿವೆ, ದಪ್ಪ ಹೊದಿಕೆ ಸುತ್ತಿಕೊಂಡು. ಹೀಟ್ ಪಂಪು ಮೂರು ವಾರದಿಂದ ಪರೀಕ್ಷೆಗೆ ಓಡುತ್ತಿದೆ. ಅದರ ಸದ್ದು ಎಷ್ಟು ಕಡಿಮೆ ಎಂದರೆ, ಓಡುತ್ತಿದೆಯೋ ಇಲ್ಲವೋ ಎಂದು ಬಿಸಿನೀರಣ್ಣ ಆಗಾಗ ಸ್ಕ್ರೂಡ್ರೈವರ್ ಹಿಡಿದು ಕಿವಿಗೊಟ್ಟು ಬರುತ್ತಾರೆ. ಆ ಯಂತ್ರ ತನ್ನ ಅಂಕಿಗಳನ್ನು ತಾನೇ ಬರೆದುಕೊಳ್ಳುತ್ತದೆ, ನಿಮಿಷಕ್ಕೊಂದು. ‘ಅದು ನನ್ನಂತಲ್ಲ, ನೋಡೇ ಬರೆಯತ್ತೆ’ ಎನ್ನುತ್ತಾರೆ.

ಆರೂವರೆಯಾಗುತ್ತದೆ. ಮುಳ್ಳು ಇಳಿಯತೊಡಗುತ್ತದೆ. ಆರು, ಐದೂವರೆ. ಅವರ ಕೈ ಅಭ್ಯಾಸದಂತೆ ಫೋನಿನ ಕಡೆ ಹೋಗಿ, ಅರ್ಧದಲ್ಲೇ ನಿಲ್ಲುತ್ತದೆ. ಐದೂಕಾಲರಲ್ಲಿ ಮುಳ್ಳು ತಡೆದು ನಿಂತಿದೆ, ಟ್ಯಾಂಕಿನ ಬಿಸಿ ಹೆಗಲು ಕೊಟ್ಟಿದೆ. ಅವರು ಐದೂಕಾಲು ಎಂದು ಬರೆಯುತ್ತಾರೆ. ಹದಿನೇಳನೇ ನಂಬರಿನ ಫೋನು ತಾನಾಗಿಯೇ ಬಡಿದುಕೊಳ್ಳುತ್ತದೆ. ಮೂರನೇ ಮಹಡಿಯ ಸಿಸ್ಟರ್.

‘ಬಿಸಿನೀರಣ್ಣಾ, ಕೊಳವೆ ಚೆನ್ನಾಗಿ ಬೆಚ್ಚಗಿದೆ. ರಾತ್ರಿ ಹುಟ್ಟಿದ ಅವಳಿ ಎರಡೂ ಕಾಲು ಚಾಚ್ಕೊಂಡು ನಿದ್ದೆ ಹೊಡೀತಿವೆ. ಸುಮ್ನೆ ಹೇಳೋಣ ಅಂತ ಮಾಡ್ದೆ.’

ಫೋನಿಟ್ಟ ಮೇಲೆ ಅವರು ಸ್ವಲ್ಪ ಹೊತ್ತು ಗೋಡೆಯ ಕಡೆ ತಿರುಗಿ ಕನ್ನಡಕ ಒರೆಸುತ್ತಾರೆ. ಹಬೆಯ ಕೋಣೆಯಲ್ಲಿ ಕನ್ನಡಕ ಮಂಜಾಗುವುದು ಸಹಜವೇ.

ಎಂಟಕ್ಕೆ ಹೆಂಡತಿ ತಿಂಡಿಯ ಡಬ್ಬಿ ತರುತ್ತಾರೆ. ಬಾಗಿಲಲ್ಲಿ ಗಂಡನ ಬಗ್ಗಿದ ತಲೆಯನ್ನು ಅಣಕಿಸುತ್ತಾ ತಾವೂ ಬಗ್ಗಿಕೊಂಡೇ ಒಳಗೆ ಬರುತ್ತಾರೆ. ಇನ್ನು ಹನ್ನೊಂದು ವಾರಕ್ಕೆ ಬಾಯ್ಲರನ್ನು ಶಾಶ್ವತವಾಗಿ ಆರಿಸುತ್ತಾರೆ, ಅದಾದ ಎರಡು ತಿಂಗಳಿಗೆ ಬಿಸಿನೀರಣ್ಣನ ನಿವೃತ್ತಿ. ಇಷ್ಟೆಲ್ಲ ಮಾಡಿದಿರಿ, ಏನಾದರೂ ಬೇಕೆನ್ನಿಸುತ್ತದೆಯೇ ಎಂದರೆ ಮೊದಲು ಏನೂ ಬೇಡ ಎನ್ನುತ್ತಾರೆ. ಡಬ್ಬಿ ಅರ್ಧ ಖಾಲಿಯಾದ ಮೇಲೆ ತಾವಾಗಿಯೇ ಬಾಯಿ ಬಿಡುತ್ತಾರೆ.

‘ಆರಿಸೋದು ನನ್ನ ಪಾಳೀಲಿ ಆಗ್ಲಿ ಅಂತ ಮೇಡಂನ ಕೇಳ್ಕೊಂಡಿದೀನಿ. 'ಆಗ್ಲಿ ಅಣ್ಣಾ' ಅಂದಿದಾರೆ. ಉರಿ ಆರಿದ ತಕ್ಷಣ ಮುಳ್ಳು ಬೀಳಲ್ಲ, ಒಳಗಿನ ಬಿಸಿ ಇಳಿಯೋಕೆ ಇಡೀ ಹಗಲು ಬೇಕು. ಪಾಳಿ ಮುಗಿದ್ರೂ ಇಲ್ಲೇ ಕೂತಿರ್ತೀನಿ. ಅರ್ಧ ಗಂಟೆಗೊಂದ್ಸಲ ಬರೀತೀನಿ. ಕೊನೇಲಿ ಅದು ಸೊನ್ನೆಗೆ ಬರತ್ತಲ್ಲ, ಅದನ್ನೂ ಬರ್ದು, ಸಹಿ ಹಾಕಿ, ಪುಸ್ತಕ ಮುಚ್ಚಿ ಮನೆಗೆ ಹೋಗ್ಬೇಕು. ಅಷ್ಟೇ ಆಸೆ.’

‘ಅದಕ್ಕೆ ಇಡೀ ದಿನ ಯಾಕ್ರೀ ಕಾಯ್ಬೇಕು?’ ಹೆಂಡತಿಯ ಕಣ್ಣಲ್ಲಿ ಹಳೆಯ ತುಂಟತನ. ‘ಹೇಗೂ ಸೊನ್ನೆ ಬರೋದು ಗ್ಯಾರಂಟಿ ತಾನೇ? ಬೆಳಿಗ್ಗೆನೇ ಬರೆದಿಟ್ಟು ಬಂದ್ಬಿಡಿ, ಊಟದ ಹೊತ್ತಿಗೆ ಮನೇಲಿರಬಹುದು.’

ಕೈಗಡಿಯಾರದ ಅಲಾರಾಂ ಕೂಗುತ್ತದೆ. ಎಂಟೂವರೆ. ಬಿಸಿನೀರಣ್ಣ ಕೈ ಒರೆಸಿಕೊಂಡು ಎದ್ದು, ಗೇಜಿನ ಮುಂದೆ ನಿಂತು, ಒಮ್ಮೆ ನೋಡುತ್ತಾರೆ. ಇನ್ನೊಮ್ಮೆ ನೋಡುತ್ತಾರೆ.

‘ನೋಡ್ದೆ ಬರೆಯಲ್ಲ ಕಣೇ’ ಎನ್ನುತ್ತಾರೆ, ಪೆನ್ನಿನ ಮುಚ್ಚಳ ತೆಗೆಯುತ್ತಾ.